ಎಂ ಎಂಬ ತಾಯಿಸಾಲು: ತುಳುನಾಡಿನ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ) ಡಿಎನ್‌ಎ ಬಗ್ಗೆ ಬಂದ ಲೇಖನವನ್ನು ಓದಿ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿಸಾಲು ‘ಎಂ’ ಎಂಬ ಗುಂಪಿಗೆ ಸೇರುತ್ತದೆ ಎಂದು ಅಲ್ಲಿ ಬರೆದಿದ್ದೆವು. ಇಥಿಯೋಪಿಯದಲ್ಲೂ ಈ ಗುಂಪಿನವರು ಇದ್ದಾರಲ್ಲ, ಹಾಗಾದರೆ ಅದು ಹುಟ್ಟಿದ್ದು ಆಫ್ರಿಕದಲ್ಲೇ ಅಲ್ಲವೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ‘ಎಂ ಇರುವವರೇ ಈ ನೆಲದ ಮೂಲದವರು, ಉಳಿದವರೆಲ್ಲ ಹೊರಗಿನಿಂದ ಬಂದವರು’ ಎಂಬ ಸಂದೇಶವೊಂದು ನಿಮ್ಮ ಮೊಬೈಲಿಗೆ ಬಂದಿದೆ, ಅದು ನಿಜವೇ ಎಂಬುದು ಎರಡನೆಯದು. ನಿಮಗೆ ಬಳಿ, ಅಂದರೆ ಕುಲ, ತಾಯಿಯಿಂದ ಬಂದಿದೆ. ಬಳಿಯೂ ಈ ಗುಂಪೂ ಒಂದೇ ಏನು, ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ ಎಂಬುದು ಮೂರನೆಯದು. ನಾಲ್ಕು ಸಾಲಿನಲ್ಲಿ ಮುಗಿಸಿಬಿಡುವ ವಿಷಯ ಇದಲ್ಲ. ಅದರಲ್ಲೂ ಆ ಸಂದೇಶ ನಿಮ್ಮೊಬ್ಬರಿಗಷ್ಟೇ ಬಂದಿರಲಿಕ್ಕಿಲ್ಲ ಎನ್ನಿಸಿದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಇರುವುದು 16,569 ಅಕ್ಷರ, 37 ವಂಶವಾಹಿ. 1981ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಅದನ್ನು ಮೊದಲ ಸಲ ಪೂರ್ತಿಯಾಗಿ ಓದಿದರು. ತಾಯಿ ಅದನ್ನು ಗಂಡುಮಕ್ಕಳಿಗೂ ಕೊಡುತ್ತಾಳೆ, ಹೆಣ್ಣುಮಕ್ಕಳಿಗೂ ಕೊಡುತ್ತಾಳೆ. ಮುಂದಕ್ಕೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ತಂದೆಯದರ ಜೊತೆ ಅದು ಬೆರೆಯುವುದಿಲ್ಲವಾದ್ದರಿಂದ, ಅಪರೂಪಕ್ಕೆ ಆಗುವ ಒಂದೊಂದು ಅಕ್ಷರದ ಬದಲಾವಣೆ ಹಾಗೆಯೇ ಉಳಿದು ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ಒಂದು ಸಾಲಿನಲ್ಲಿ ಹೊಸ ಬದಲಾವಣೆಯೊಂದು ನೆಲೆಗೊಳ್ಳಲು ಸರಾಸರಿ ಮೂರೂವರೆ ಸಾವಿರ ವರ್ಷ ಬೇಕು ಎಂಬುದು ಈಗ ಬಳಕೆಯಲ್ಲಿರುವ ಅಂದಾಜು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರಿಗೆ ಈ ಕೆಲಸದ ರೀತಿ ಚೆನ್ನಾಗಿ ಗೊತ್ತು. ಒಬ್ಬ ಲಿಪಿಕಾರ ಮಾಡಿದ ತಪ್ಪು ಅವನ ಓಲೆಯಿಂದ ಇಳಿದ ಪ್ರತಿಗಳಲ್ಲೆಲ್ಲ ಕಾಣುತ್ತದೆ. ಆ ತಪ್ಪು ಯಾವ ಯಾವ ಪ್ರತಿಗಳಲ್ಲಿದೆ ಎಂದು ನೋಡಿ, ಯಾವುದು ಯಾವುದರ ಸಂತತಿ ಎಂದು ಹೇಳಬಹುದು. ಎಂ ಗುಂಪಿನ ಗುರುತು ಇಂಥ ನಾಲ್ಕು ಬದಲಾವಣೆ. ಅವು 489, 10400, 14783 ಮತ್ತು 15043ನೆಯ ಸ್ಥಾನಗಳಲ್ಲಿವೆ. ಈ ನಾಲ್ಕೂ ನಿಮ್ಮಲ್ಲಿದ್ದರೆ ನೀವು ಎಂ ಸಾಲಿನವರು.

ಈಗ ಮೊದಲ ಪ್ರಶ್ನೆ. ಇದರ ಬಗ್ಗೆ ವಿಜ್ಞಾನಿಗಳ ನಡುವೆಯೇ ಗಟ್ಟಿಯಾದ ಚರ್ಚೆ ನಡೆದಿದೆ. ನೀವು ಮಾಡಿದ ಊಹೆಯನ್ನೇ ಒಂದು ಕಾಲದಲ್ಲಿ ಅವರಲ್ಲೂ ಕೆಲವರು ಮಾಡಿದ್ದರು.

ಆಫ್ರಿಕದಲ್ಲಿ ಎಲ್-3 ಎಂಬ ಹಳೆಯ ತಾಯಿಸಾಲು ಇದೆ. ಅದರ ವಯಸ್ಸು ಸುಮಾರು 70 ಸಾವಿರ ವರ್ಷ. ಎಂ ಮತ್ತು ಎನ್ ಎಂಬ ಎರಡು ಕವಲುಗಳು ಹೊರಟದ್ದು ಅದರಿಂದಲೇ. ಈಚಿನ ವಲಸೆಗಳನ್ನು ಬಿಟ್ಟರೆ, ಆಫ್ರಿಕದ ಹೊರಗಿನ ಎಲ್ಲ ಜನರ ತಾಯಿಸಾಲುಗಳೂ ಈ ಎರಡರೊಳಗೇ ಬರುತ್ತವೆ. ಹಾಗಾಗಿ ಎಂ ಸಾಲಿನ ಮೂಲತಾಯಿಯ ಹಿರಿಯರು ಆಫ್ರಿಕದವರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆ ನಾಲ್ಕು ಬದಲಾವಣೆಗಳು ಪೂರ್ತಿಯಾದದ್ದು ಕೆಂಪು ಸಮುದ್ರ ದಾಟುವ ಮೊದಲೋ, ದಾಟಿದ ಮೇಲೋ ಎಂಬುದಷ್ಟೇ ಪ್ರಶ್ನೆ. 1999ರಲ್ಲಿ ಲೂಯಿಸ್ ಕಿಂಟಾನಾ-ಮುರ್ಸಿ ಮತ್ತು ಸಂಗಡಿಗರು ಇಥಿಯೋಪಿಯದಲ್ಲಿ ಎಂ ಇರುವುದನ್ನು ಮುಂದಿಟ್ಟು, ಇದು ಪೂರ್ವ ಆಫ್ರಿಕದಲ್ಲೇ ಹುಟ್ಟಿ, ಕರಾವಳಿ ಹಿಡಿದು ಭಾರತದ ಕಡೆಗೆ ಬಂದಿರಬೇಕು ಎಂದು ವಾದಿಸಿದರು. ಆಗ ಹೆಚ್ಚಿನ ಅಧ್ಯಯನಗಳು ಓದುತ್ತಿದ್ದದ್ದು ಈ ಡಿಎನ್‌ಎಯ ಕೆಲವು ನೂರು ಅಕ್ಷರಗಳನ್ನಷ್ಟೇ.

ಪೂರ್ತಿ 16,569 ಅಕ್ಷರಗಳನ್ನು ಓದುವುದು ರೂಢಿಯಾದ ಮೇಲೆ ಚಿತ್ರ ತಿರುಗಿತು. ಆಫ್ರಿಕದಲ್ಲಿರುವ ಎಂ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಒಂದು ಉಪಕವಲು, ಎಂ-1. ದಕ್ಷಿಣ ಏಷ್ಯದಲ್ಲಾದರೋ ಬುಡದಿಂದಲೇ ನೇರವಾಗಿ ಒಡೆದ ಹತ್ತಾರು ಕವಲುಗಳಿವೆ: ಎಂ-2ರಿಂದ ಎಂ-6ರವರೆಗಿನವು, ಎಂ-18, ಎಂ-30, ಎಂ-33, ಹೀಗೆ. ಒಂದು ಸಾಲು ಆಫ್ರಿಕದಲ್ಲೇ ಹುಟ್ಟಿ ಅಲ್ಲೇ ಬೆಳೆದಿದ್ದರೆ ಅಲ್ಲಿ ಒಂದೇ ಕವಲು ಉಳಿಯುವುದೂ, ಅದು ಉಳಿದ ಕವಲುಗಳಿಗಿಂತ ಹಳತಲ್ಲದಿರುವುದೂ ಹೇಗೆ ಸಾಧ್ಯ? 2006ರಲ್ಲಿ ಅನ್ನಾ ಒಲಿವಿಯೇರಿ ಮತ್ತು ಸಂಗಡಿಗರು, ಎಂ-1 ಮತ್ತು ಯು-6 ಎಂಬ ಎರಡು ಸಾಲುಗಳು ಸುಮಾರು 40 ಸಾವಿರ ವರ್ಷದ ಹಿಂದೆ ಪಶ್ಚಿಮ ಏಷ್ಯದಿಂದ ಆಫ್ರಿಕಕ್ಕೆ ಮರಳಿ ಹೋದವು ಎಂದು ತೋರಿಸಿದರು. ಮೊರಾಕೊದ ತಾಫೊರಾಲ್ತ್ ಗುಹೆಯಲ್ಲಿ ಸಿಕ್ಕ ಸುಮಾರು 15 ಸಾವಿರ ವರ್ಷ ಹಳೆಯ ಮೂಳೆಗಳ ಡಿಎನ್‌ಎ 2018ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಇದೇ ಎರಡು ಸಾಲುಗಳು ಜೊತೆಜೊತೆಗೆ ಕಂಡವು. ಎಂ-1 ಆಫ್ರಿಕಕ್ಕೆ ಹಿಂತಿರುಗಿದವರ ಸಾಲು ಎಂಬ ವಾದವೇ ನನಗೆ ಬಲವಾಗಿ ಕಾಣುತ್ತದೆ.

ಹಾಗಾದರೆ ಎಂ ಹುಟ್ಟಿದ್ದು ಭಾರತದಲ್ಲೇ ಎಂದು ಸಾರಿಬಿಡೋಣವೇ? ಅವಸರ ಬೇಡ ಎನ್ನುತ್ತೇನೆ. ಇಂದು ಒಂದು ಸಾಲು ಎಲ್ಲಿ ದಟ್ಟವಾಗಿದೆ ಎಂಬುದು ಅದು ಎಲ್ಲಿ ಉಳಿದು ಬೆಳೆಯಿತು ಎಂಬುದನ್ನು ಹೇಳುತ್ತದೆ. ಎಲ್ಲೆಲ್ಲಿ ಇತ್ತು ಎಂಬುದನ್ನು ಹೇಳುವುದಿಲ್ಲ. ಇದಕ್ಕೆ ಯೂರೋಪಿನಲ್ಲೇ ಒಳ್ಳೆಯ ಸಾಕ್ಷಿ ಸಿಕ್ಕಿದೆ. ಇಂದಿನ ಯೂರೋಪಿಯನ್ನರಲ್ಲಿ ಎಂ ಇಲ್ಲವೆನ್ನುವಷ್ಟು ಅಪರೂಪ. ಆದರೆ 2016ರಲ್ಲಿ ಕೊಸಿಮೊ ಪೋಸ್ತ್ ಮತ್ತು ಸಂಗಡಿಗರು ಬೆಲ್ಜಿಯಂ ಹಾಗೂ ಫ್ರಾನ್ಸ್‌ನ ಹಿಮಯುಗದ ಬೇಟೆಗಾರರ ಮೂಳೆಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಮೂವರು ಎಂ ಸಾಲಿನವರಾಗಿದ್ದರು. 26 ಸಾವಿರದಿಂದ 19 ಸಾವಿರ ವರ್ಷಗಳ ಹಿಂದಿನ ಆ ಘೋರ ಚಳಿಗಾಲದಲ್ಲಿ ಉತ್ತರ ಯೂರೋಪನ್ನು ಹಿಮದ ಹಾಸು ಮುಚ್ಚಿತು, ಜನ ದಕ್ಷಿಣದ ಕೆಲವೇ ಆಸರೆಗಳಿಗೆ ಸರಿದರು, ಎಂ ಅಲ್ಲಿಂದ ಅಳಿಸಿಹೋಯಿತು. ಒಬ್ಬ ಹೆಂಗಸಿಗೆ ಗಂಡುಮಕ್ಕಳಷ್ಟೇ ಹುಟ್ಟಿದರೂ ಅವಳ ಸಾಲು ಅಲ್ಲಿಗೆ ನಿಲ್ಲುತ್ತದೆ. ಜನಸಂಖ್ಯೆ ಕುಗ್ಗಿದಾಗ ಹೀಗೆ ನಿಂತುಹೋಗುವ ಸಾಲುಗಳು ಬಹಳ. ಆಫ್ರಿಕದ ಕೊಂಬಿನಿಂದ ಭಾರತದವರೆಗಿನ ಹಾದಿಯಲ್ಲಿ ಎಲ್ಲೋ, ಸುಮಾರು 50ರಿಂದ 60 ಸಾವಿರ ವರ್ಷಗಳ ಹಿಂದೆ ಎಂ ರೂಪುಗೊಂಡಿತು ಎಂಬಷ್ಟನ್ನು ಈಗಿನ ಆಧಾರಗಳು ಒಪ್ಪುತ್ತವೆ.

ಹುಟ್ಟಿಗಿಂತ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಅದು ಹರಡಿದ ವೇಗ. ಭಾರತದ ಕವಲುಗಳು, ಮಲೇಷ್ಯದ ಒರಾಂಗ್ ಅಸ್ಲಿ ಜನರ ಕವಲುಗಳು, ಆಸ್ಟ್ರೇಲಿಯದ ಮೂಲನಿವಾಸಿಗಳ ಎಂ-42, ನ್ಯೂಗಿನಿಯ ಕ್ಯೂ ಎಂಬ ಕವಲು ಇವೆಲ್ಲ ಒಂದೇ ಬುಡದಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಚಿಮ್ಮಿದಂತಿವೆ. ಭಾರತದ ಕವಲಿನ ಒಳಗೆ ಮಲೇಷ್ಯದ್ದು, ಅದರೊಳಗೆ ಆಸ್ಟ್ರೇಲಿಯದ್ದು ಎಂಬ ಮೆಟ್ಟಿಲುಸಾಲು ಕಾಣುವುದಿಲ್ಲ. ಜನ ಒಂದೊಂದು ನಾಡಿನಲ್ಲೂ ಹತ್ತಾರು ಸಾವಿರ ವರ್ಷ ತಂಗಿ ಮುಂದೆ ಹೊರಟಿದ್ದರೆ ಹೀಗಾಗುತ್ತಿರಲಿಲ್ಲ. 2005ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದ ಎರಡು ಪ್ರಬಂಧಗಳು ಈ ಮಾತಿಗೆ ಬಲ ಕೊಟ್ಟವು. ಒಂದು ಮಲೇಷ್ಯದ ಬಗ್ಗೆ ವಿನ್ಸೆಂಟ್ ಮೆಕಾಲೆ ಮತ್ತು ಸಂಗಡಿಗರದು. ಇನ್ನೊಂದು ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತಿತರರದು. ಅಂಡಮಾನಿನ ಓಂಗೆ ಮತ್ತು ಗ್ರೇಟ್ ಅಂಡಮಾನೀಸ್ ಜನರಲ್ಲಿ ಎಂ-31, ಎಂ-32 ಎಂಬ ಪ್ರತ್ಯೇಕ ಕವಲುಗಳಿವೆ ಎಂದು ಅವರು ತೋರಿಸಿದರು. ಆಮೇಲೆ ಎಂ-31ರ ನಂಟಿನ ಸಾಲುಗಳು ಈಶಾನ್ಯ ಭಾರತದಲ್ಲೂ ಸಿಕ್ಕಿ, ದ್ವೀಪಗಳಿಗೆ ಜನ ಹೋದ ಕಾಲದ ಬಗ್ಗೆ ಹೊಸ ವಾದ ಹುಟ್ಟಿಕೊಂಡಿತು. ಎಂ-42ರ ವಿಷಯದಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯವರು 2009ರಲ್ಲಿ ಭಾರತದ ಕೆಲವು ಬುಡಕಟ್ಟುಗಳಿಗೂ ಆಸ್ಟ್ರೇಲಿಯಕ್ಕೂ ನಡುವಿನ ಬಹಳ ಹಳೆಯ ಕೊಂಡಿಯನ್ನು ಗುರುತಿಸಿದರು. ಈ ಪಯಣಿಗರ ಬೀಡುಗಳು ಕರಾವಳಿಯಲ್ಲಿದ್ದಿದ್ದರೆ ಅವುಗಳಲ್ಲಿ ಹೆಚ್ಚಿನವು ಇಂದು ನೀರಿನಡಿ ಇರುತ್ತವೆ. ಹಿಮಯುಗದ ತುದಿಯಲ್ಲಿ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಪೂರ್ವ ಏಷ್ಯದಲ್ಲಿ ಇದೇ ಎಂ ಸಾಲಿನಿಂದ ಒಡೆದ ಸಿ ಮತ್ತು ಡಿ ಕವಲುಗಳು ಸೈಬೀರಿಯ ದಾಟಿ ಅಮೆರಿಕಕ್ಕೂ ಹೋದವು.

ಇನ್ನು ನಿಮ್ಮ ಮೊಬೈಲಿಗೆ ಬಂದ ಸಂದೇಶ. ಅದು ಸುಳ್ಳು, ಅಪಾಯದ ಸುಳ್ಳು.

ಭಾರತದಲ್ಲಿ ಸುಮಾರು ಶೇ 60ರಷ್ಟು ಜನರ ತಾಯಿಸಾಲು ಎಂ. ದಕ್ಷಿಣ ಮತ್ತು ಪೂರ್ವದಲ್ಲಿ, ಬುಡಕಟ್ಟುಗಳಲ್ಲಿ ಹೆಚ್ಚು, ವಾಯವ್ಯದ ಕಡೆ ಕಡಿಮೆ. ಆದರೆ ಎಂ ಅಲ್ಲದ್ದೆಲ್ಲ ಹೊರಗಿನದಲ್ಲ. ಎನ್ ಕವಲಿನಿಂದ ಒಡೆದ ಆರ್ ಮತ್ತು ಯು-2 ಗುಂಪುಗಳ ಎಷ್ಟೋ ಕವಲುಗಳು ಈ ಉಪಖಂಡದಲ್ಲಿ ಎಂನಷ್ಟೇ ಆಳವಾಗಿ ಬೇರುಬಿಟ್ಟಿವೆ. ಹರಪ್ಪ ನಾಗರಿಕತೆಯ ರಾಖಿಗಢಿಯಲ್ಲಿ 61 ಮೂಳೆ ಮಾದರಿಗಳನ್ನು ಪರೀಕ್ಷಿಸಿದಾಗ ಓದಲು ಸಾಕಾಗುವಷ್ಟು ಡಿಎನ್‌ಎ ಸಿಕ್ಕಿದ್ದು ಒಂದರಲ್ಲಿ. 2019ರಲ್ಲಿ ಪ್ರಕಟವಾದಂತೆ ಅವಳೊಬ್ಬ ಹೆಂಗಸು, ಅವಳ ತಾಯಿಸಾಲು ಯು-2ರ ಒಂದು ಕವಲು. ಆ ಸಂದೇಶದ ಲೆಕ್ಕದಲ್ಲಿ ಅವಳನ್ನೂ ಹೊರಗಿನವಳು ಎನ್ನಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ತಾಯಿಸಾಲು ನಮ್ಮ ಪೂರ್ವಜರಲ್ಲಿ ಒಬ್ಬಳನ್ನು ಮಾತ್ರ ತೋರಿಸುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ವಂಶವೃಕ್ಷದಲ್ಲಿ 1,024 ಸ್ಥಾನಗಳಿವೆ. ಮೈಟೊಕಾಂಡ್ರಿಯ ಬಂದದ್ದು ಅವುಗಳಲ್ಲಿ ಒಂದರಿಂದ. ಉಳಿದ 1,023 ಸ್ಥಾನಗಳ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಮಧ್ಯ ಮತ್ತು ಪೂರ್ವ ಭಾರತದ ಮುಂಡಾ ಭಾಷಿಕರನ್ನು ನೋಡಿ. ಅವರ ತಾಯಿಸಾಲುಗಳು ಹೆಚ್ಚುಕಡಿಮೆ ಪೂರ್ತಿ ಭಾರತದವೇ. ಆದರೆ ತಂದೆಯಿಂದ ಮಗನಿಗಷ್ಟೇ ಇಳಿಯುವ ವೈ ಕ್ರೋಮೋಸೋಮಿನಲ್ಲಿ ಆಗ್ನೇಯ ಏಷ್ಯದಿಂದ ಬಂದ ಸಾಲು ದಟ್ಟವಾಗಿದೆ, ಭಾಷೆಯ ನಂಟೂ ಆ ಕಡೆಗೇ. ಮೈಟೊಕಾಂಡ್ರಿಯವನ್ನಷ್ಟೇ ನೋಡಿದವನು ಈ ಕಥೆಯ ಅರ್ಧವನ್ನೇ ಕಳೆದುಕೊಳ್ಳುತ್ತಾನೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿಗಳಲ್ಲಿ ಆಫ್ರಿಕದ ಎಲ್ ಸಾಲುಗಳೂ ಇವೆ, ಇಲ್ಲಿಯ ಎಂ ಸಾಲುಗಳೂ ಇವೆ. ಎಂ ಸಾಲಿನ ಸಿದ್ದಿ ಹೆಣ್ಣುಮಗಳೊಬ್ಬಳ ಆಫ್ರಿಕದ ಹಿರಿಯರು ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ವಲಸೆ ಎಂದರೆ ಗಂಡಸರದೇ ಎಂದುಕೊಳ್ಳುವುದೂ ಸರಿಯಲ್ಲ. ಒಟ್ಟು ಭಾರತದಲ್ಲಿ ಕಂಚಿನ ಯುಗದ ಯುರೇಷ್ಯದ ಹುಲ್ಲುಗಾವಲಿನ (ಸ್ಟೆಪ್ಪಿ) ಜನರ ಗುರುತು ಗಂಡುಸಾಲಿನಲ್ಲಿ ಹೆಚ್ಚು ಕಾಣುತ್ತದೆ ನಿಜ; ಆದರೆ ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಪ್ರಾಚೀನ ಮೂಳೆಗಳಲ್ಲಿ ಅದೇ ಗುರುತು ಹೆಚ್ಚಾಗಿ ಹೆಂಗಸರ ಮೂಲಕ ಬಂದದ್ದು ಕಂಡಿದೆ.

ಎಂ-2ರಂಥ ಕವಲುಗಳು ಹತ್ತಾರು ಸಾವಿರ ವರ್ಷ ಹಳೆಯವು. ಒಳಮದುವೆಯ ಕಟ್ಟು ಬಿಗಿಯಾದದ್ದು ಬಹುಮಟ್ಟಿಗೆ ಒಂದೂವರೆ ಎರಡು ಸಾವಿರ ವರ್ಷಗಳಿಂದ ಈಚೆಗೆ ಎಂದು ಇಡೀ ಜೀನೋಮಿನ ಅಧ್ಯಯನಗಳು ಹೇಳುತ್ತವೆ. ಒಂದೇ ಕವಲು ಎಷ್ಟೋ ಜಾತಿಗಳಲ್ಲಿ, ಬುಡಕಟ್ಟುಗಳಲ್ಲಿ, ಮತಗಳಲ್ಲಿ ಹರಡಿಕೊಂಡಿದೆ. ಇಂಥ ಸಾಲನ್ನು ತೋರಿಸಿ ನೆರೆಯವನನ್ನು ಹೊರಗಿನವನೆಂದು ಕರೆಯುವವರಿಗೆ ವಿಜ್ಞಾನದ ಬೆಂಬಲವಿಲ್ಲ. ಆ ಸಂದೇಶವನ್ನು ಕಳಿಸಿದವರಿಗೆ ನೀವು ಈ ಉತ್ತರವನ್ನೇ ತೋರಿಸಬಹುದು.

ನಿಮ್ಮ ಬಳಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅಳಿಯಕಟ್ಟಿನಲ್ಲಿ ಬಳಿ ಸಾಗುವ ನಿಯಮವೂ ಮೈಟೊಕಾಂಡ್ರಿಯ ಸಾಗುವ ನಿಯಮವೂ ಒಂದೇ: ತಾಯಿಯಿಂದ ಮಕ್ಕಳಿಗೆ, ಮುಂದೆ ಹೆಣ್ಣುಮಕ್ಕಳಿಂದ ಮಾತ್ರ. ಒಂದು ಬಳಿಯವರೆಲ್ಲ ನಿಜಕ್ಕೂ ಒಬ್ಬ ತಾಯಿಯಿಂದ ಇಳಿದವರಾಗಿದ್ದರೆ ಅವರೆಲ್ಲರಲ್ಲೂ ಒಂದೇ ಸಾಲು ಇರಬೇಕು. ಆದರೆ ದತ್ತು ತೆಗೆದುಕೊಂಡಾಗ ಬಳಿ ಮುಂದುವರಿಯುತ್ತದೆ, ಡಿಎನ್‌ಎ ಬದಲಾಗುತ್ತದೆ. ಹೊರಗಿನಿಂದ ಬಂದ ಹೆಂಗಸನ್ನು ಬಳಿಗೆ ಸೇರಿಸಿಕೊಂಡಿದ್ದರೂ ಹಾಗೆಯೇ. ಎರಡು ಬೇರೆ ಬಳಿಯವರಲ್ಲಿ ಒಂದೇ ಎಂ ಕವಲು ಸಿಕ್ಕಿದರೂ ಅಚ್ಚರಿಪಡಬೇಡಿ. ಮದುವೆ ಸಂಬಂಧಕ್ಕೆ ಅದರಿಂದ ಯಾವ ಬಾಧಕವೂ ಇಲ್ಲ, ಅವರ ಸಮಾನ ತಾಯಿ ಸಾವಿರಾರು ವರ್ಷ ಹಿಂದಿನವಳಾಗಿರಬಹುದು.

ಪರೀಕ್ಷೆ ಮಾಡಿಸಲೇಬೇಕೆಂದಿದ್ದರೆ ಪೂರ್ತಿ 16,569 ಅಕ್ಷರಗಳನ್ನು ಓದುವ ಪರೀಕ್ಷೆಯನ್ನೇ ಕೇಳಿ. ಬರೀ ‘ಎಂ’ ಎಂಬ ಉತ್ತರದಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ಕವಲಿನ ಕವಲು ಯಾವುದು, ಯಾವ ಸ್ಥಾನಗಳಲ್ಲಿ ಬದಲಾವಣೆ ಇದೆ ಎಂಬ ಪಟ್ಟಿ ಬೇಕು. ಒಡಹುಟ್ಟಿದವರಲ್ಲಿ ಒಬ್ಬರು ಮಾಡಿಸಿದರೆ ಸಾಕು. ನಿಮ್ಮ ಮಕ್ಕಳಲ್ಲಿರುವುದು ನಿಮ್ಮ ಶ್ರೀಮತಿಯವರ ಸಾಲು, ನಿಮ್ಮದು ಉಳಿಯುವುದು ಅಕ್ಕತಂಗಿಯರ ಹೆಣ್ಣುಮಕ್ಕಳಲ್ಲಿ. ನಿಮ್ಮ ಫಲಿತಾಂಶ ಅವರೆಲ್ಲರ ಫಲಿತಾಂಶವೂ ಹೌದು. ಆದ್ದರಿಂದ ಮಾದರಿ ಕೊಡುವ ಮೊದಲು ಅವರಿಗೂ ಒಂದು ಮಾತು ಹೇಳಿ; ನಿಮ್ಮ ಮಾಹಿತಿಯನ್ನು ಯಾರು, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಓದಿ ನೋಡಿ ಸಹಿ ಹಾಕಿ.

– ಸಂಪಾದಕ