ಡಬ್ಬಿಯಲ್ಲಿ ಬರುವ ತರಕಾರಿಯನ್ನು ನಾಯಿಗೆ ಕೊಡಬಹುದಾ?

ಕೊಡಬಹುದು, ಆದರೆ ಡಬ್ಬಿಯ ಮೇಲಿನ ಪಟ್ಟಿ ಓದದೆ ಕೊಡಬೇಡಿ. ಬೀನ್ಸ್, ಕ್ಯಾರೆಟ್, ಬಟಾಣಿ, ಸಿಹಿಗುಂಬಳದಂಥವು ಹೆಚ್ಚಿನ ನಾಯಿಗಳಿಗೆ ಒಗ್ಗುತ್ತವೆ. ತೊಂದರೆ ಇರೋದು ಜೊತೆಗೆ ಸೇರಿಸಿದ ಉಪ್ಪು, ಮಸಾಲೆಯಲ್ಲಿ.

ಉಪ್ಪು ಹಾಕದ ಡಬ್ಬಿ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ನೀರೆಲ್ಲ ಬಸಿದು, ತರಕಾರಿಯನ್ನು ಜರಡಿಗೆ ಹಾಕಿ ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ. ಉಪ್ಪು ಸಾಕಷ್ಟು ಇಳಿಯುತ್ತದೆ, ಪೂರ್ತಿ ಹೋಗೋದಿಲ್ಲ. ಹಾಗಾಗಿ ಹೃದಯ ಅಥವಾ ಕಿಡ್ನಿ ತೊಂದರೆ ಇರುವ ನಾಯಿಗೆ ಪಶುವೈದ್ಯರನ್ನು ಕೇಳಿಯೇ ಕೊಡಿ.

ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಬೇಡವೇ ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಒಣಗಿಸಿದರೂ ಆ ಗುಣ ಹೋಗದು. ಪುಡಿಯಂತೂ ಇನ್ನೂ ಗಾಢ. 'ಮಿಕ್ಸ್ಡ್ ವೆಜಿಟೇಬಲ್ಸ್' ಡಬ್ಬಿಯಲ್ಲಿ ಇವು ಅಡಗಿರಬಹುದು. ನಾಯಿ ತಿಂದುಬಿಟ್ಟಿದ್ದರೆ ಲಕ್ಷಣಕ್ಕೆ ಕಾಯಬೇಡಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಒಸಡು ಬಿಳಿಚಿಕೊಳ್ಳುವುದು, ಮೂತ್ರ ಕಂದಾಗುವುದು ಕೆಲವು ದಿನ ಬಿಟ್ಟು ಕಾಣಬಹುದು.

ಸಿಹಿಗುಂಬಳದ ಡಬ್ಬಿಯಲ್ಲೂ ಎರಡು ಬಗೆ. ಬರೀ ತಿರುಳಿನದು ಸರಿ. ಪೈ (ಒಳಗೆ ಹೂರಣ ತುಂಬಿ ಬೇಯಿಸುವ ಬೇಕರಿ ತಿನಿಸು) ಮಾಡಲೆಂದು ಸಕ್ಕರೆ, ಜಾಯಿಕಾಯಿ ಬೆರೆಸಿದ್ದು ಬೇಡ. ಉಪ್ಪಿನಕಾಯಿ ಥರ ಹಾಕಿಟ್ಟ ತರಕಾರಿಯೂ ಬೇಡ.

ಎಷ್ಟು ಕೊಡಬೇಕು? ತಿಂಡಿ, ತರಕಾರಿ ಎಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ 10% ದಾಟದಿರಲಿ. ಮೊದಲ ಸಲ ಒಂದೆರಡು ಚೂರು ಸಾಕು. ಜಾಸ್ತಿ ಆದರೆ ಹೊಟ್ಟೆ ಕೆಡುತ್ತದೆ.

ಉಬ್ಬಿದ ಅಥವಾ ಸೋರುವ ಡಬ್ಬಿಯನ್ನು ಸುಮ್ನೆ ಎಸೆದುಬಿಡಿ. ಖಾಲಿ ಡಬ್ಬಿಯನ್ನೂ ನೆಕ್ಕಲು ಬಿಡಬೇಡಿ, ಅಂಚಿಗೆ ನಾಲಿಗೆ ಕುಯ್ಯುತ್ತದೆ.