ಫೆರೆಟ್ ಸಾಕಬೇಕೆಂದಿದ್ದೇನೆ, ಅದರ ಸ್ವಭಾವ ಎಂಥದ್ದು?

ಫೆರೆಟ್ ಬೆಕ್ಕಿನ ಹಾಗೋ ನಾಯಿಯ ಹಾಗೋ, ಕಚ್ಚುತ್ತದೆಯೋ, ವಾಸನೆ ಬರುತ್ತದೆ ಎನ್ನುವುದು ನಿಜವೋ ಎಂದು ತಾವು ಕೇಳಿದ್ದೀರಿ. ಮನೆಯಲ್ಲಿ ಏಳು ವರ್ಷದ ಮಗಳೂ ಒಂದು ಜೊತೆ ಲವ್‌ಬರ್ಡ್‌ಗಳೂ ಇರುವುದಾಗಿ ತಿಳಿಸಿದ್ದೀರಿ. ನಾನು ಒಂಬತ್ತು ವರ್ಷಗಳಲ್ಲಿ ಮೂರು ಫೆರೆಟ್‌ಗಳನ್ನು ಸಾಕಿದ್ದೇನೆ, ಅವುಗಳಲ್ಲಿ ಎರಡು ಈಗಲೂ ನನ್ನೊಂದಿಗಿವೆ. ಮೊದಲ ವರ್ಷ ನಾನು ಮಾಡಿದ ತಪ್ಪುಗಳಿಗೆಲ್ಲ ಮೂಲ ಒಂದೇ: ಫೆರೆಟನ್ನು ಉದ್ದ ಮೈಯ ಬೆಕ್ಕು ಎಂದುಕೊಂಡಿದ್ದೆ. ಅದು ಬಿಲದೊಳಗೆ ನುಗ್ಗಿ ಬೇಟೆಯನ್ನು ಹೊರಗಟ್ಟುವ ಪ್ರಾಣಿ. ಅದರ ಮೈಕಟ್ಟು, ನಿದ್ದೆ, ಕಳ್ಳತನ, ಕಡಿತ, ಮೂಲೆ ಹುಡುಕಿಕೊಂಡು ಹೋಗಿ ಗಲೀಜು ಮಾಡುವ ಅಭ್ಯಾಸ, ಇವೆಲ್ಲ ಬಿಲದ ಬದುಕಿನಿಂದ ಬಂದವು ಎಂಬುದು ತಲೆಗೆ ಹೊಕ್ಕ ಮೇಲೆಯೇ ಅದರ ಜೊತೆ ಬಾಳುವುದು ನನಗೆ ಸಲೀಸಾಯಿತು.

ಚಿತ್ರ ನೋಡಿದವರಲ್ಲಿ ಬಹಳ ಮಂದಿ ಇದನ್ನು ಮುಂಗುಸಿಯ ಜಾತಿ ಎಂದುಕೊಳ್ಳುತ್ತಾರೆ. ಹೊರನೋಟಕ್ಕೆ ಹೋಲಿಕೆ ಇದೆಯಾದರೂ ಮುಂಗುಸಿ ವಂಶದಲ್ಲಿ ಬೆಕ್ಕು, ಪುನುಗುಬೆಕ್ಕುಗಳ ಕಡೆಯದು. ಫೆರೆಟ್ ನೀರುನಾಯಿ ಮತ್ತು ಮಿಂಕ್, ವೀಸೆಲ್ ಎಂಬ ಉದ್ದ ಮೈಯ ಸಣ್ಣ ಬೇಟೆಪ್ರಾಣಿಗಳಿರುವ ಮಸ್ಟೆಲಿಡೇ ಕುಟುಂಬಕ್ಕೆ ಸೇರಿದ್ದು. ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು, ಮೊಲದ ಬಿಲಗಳಿಗೆ ಇಳಿಬಿಡುವ ಸಲುವಾಗಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದರ ಫಲ ಇದು. ಐಬೀರಿಯಾದ (ಇಂದಿನ ಸ್ಪೇನ್, ಪೋರ್ಚುಗಲ್) ಜನರು ಬಾಯಿ ಕಟ್ಟಿದ ಸಣ್ಣ ಪ್ರಾಣಿಯೊಂದನ್ನು ಮೊಲದ ಬಿಲಗಳಿಗೆ ಬಿಡುತ್ತಿದ್ದುದನ್ನು ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಅದು ಫೆರೆಟ್ ಎಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಫೆರೆಟ್ ಎಂಬ ಹೆಸರಿನ ಮೂಲದಲ್ಲಿರುವುದು ‘ಪುಟ್ಟ ಕಳ್ಳ’ ಎಂಬ ಅರ್ಥದ ಲ್ಯಾಟಿನ್ ಪದ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟ ಮಸ್ಟೆಲಾ ಫ್ಯೂರೊ ಎಂಬ ವೈಜ್ಞಾನಿಕ ಹೆಸರಿನಲ್ಲೂ ಕಳ್ಳನೇ ಅಡಗಿದ್ದಾನೆ. ಆ ಹೆಸರು ಎಷ್ಟು ಸರಿಯೆಂಬುದು ಸಾಕಿದವರಿಗೆ ಬೇಗನೆ ಗೊತ್ತಾಗುತ್ತದೆ.

ನನ್ನ ಮೊದಲ ಫೆರೆಟ್ ಬೊಮ್ಮ. ಅವನು ಬಂದ ಎರಡನೆಯ ವಾರ ಒಂದು ಮಧ್ಯಾಹ್ನ ಜೋಲಿಯಲ್ಲಿ ಮಲಗಿದ್ದವನನ್ನು ಕರೆದೆ, ಏಳಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ಕೈಯ ಎರಡೂ ಬದಿಗೆ ಜೋತುಬಿದ್ದ. ಕಾಲು ಹಿಡಿದರೂ ಮಿಸುಕಲಿಲ್ಲ. ಸತ್ತೇಹೋದನೆಂದು ನಡುಗುತ್ತ ಮೂಗಿನ ಬಳಿ ಬೆರಳಿಟ್ಟಾಗ ಬಿಸಿಯುಸಿರು ತಗುಲಿತು, ಒಂದು ನಿಮಿಷದ ನಂತರ ಬಾಯಿ ಇಷ್ಟಗಲ ತೆರೆದು ಆಕಳಿಸಿದ. ಫೆರೆಟ್ ದಿನಕ್ಕೆ 14ರಿಂದ 18 ಗಂಟೆ ನಿದ್ರಿಸುತ್ತದೆ, ಅದರಲ್ಲೂ ಕೆಲವು ನಿದ್ದೆಗಳು ಹೀಗೆ ಹೆಣದಂತಿರುತ್ತವೆ. ಎಚ್ಚರವಿರುವುದು ಹೆಚ್ಚಾಗಿ ಮುಂಜಾನೆ ಮತ್ತು ಸಂಜೆಯ ಹೊತ್ತು, ಆದರೂ ಮನೆಯವರ ದಿನಚರಿಗೆ ಅದು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಎದ್ದಿರುವ ಆ ಆರರಿಂದ ಹತ್ತು ಗಂಟೆಗಳಲ್ಲಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲವಾದ್ದರಿಂದ, ದಿನಕ್ಕೆ ಕನಿಷ್ಠ ಮೂರು ಗಂಟೆಯಾದರೂ ಅದನ್ನು ಹೊರಬಿಟ್ಟು ಜೊತೆಗಿರಲು ತಮಗೆ ಬಿಡುವಿದೆಯೇ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆಟಕ್ಕಿಳಿದಾಗ ಅದು ಬೆನ್ನು ಬಿಲ್ಲಿನಂತೆ ಬಾಗಿಸಿ, ಬಾಲದ ಕೂದಲನ್ನು ಬಾಟಲಿ ತೊಳೆಯುವ ಬ್ರಶ್ಶಿನಂತೆ ನಿಮಿರಿಸಿ, ಬಾಯಿ ತೆರೆದುಕೊಂಡು ಅಡ್ಡಡ್ಡ ಕುಪ್ಪಳಿಸುತ್ತ, ಗೋಡೆಗೆ ಕುರ್ಚಿಗೆ ಡಿಕ್ಕಿ ಹೊಡೆಯುತ್ತ ಕುಣಿಯುತ್ತದೆ. ಮೊದಲ ಸಲ ನೋಡಿದವರು ಫಿಟ್ಸ್ ಬಂತೆಂದು ಹೆದರುವುದುಂಟು, ನಾನೂ ಹೆದರಿದ್ದೆ. ಇದು ಶುದ್ಧ ಸಂತೋಷ, ‘ಬಾ, ಅಟ್ಟಿಸಿಕೊಂಡು ಬಾ’ ಎಂಬ ಕರೆ. ಜೊತೆಯಲ್ಲಿ ಕೋಳಿ ಕೊಕ್ಕೊಕ್ ಎನ್ನುವುದಕ್ಕೆ ಹತ್ತಿರವಾದ ಒಂದು ಮೆಲುದನಿ ಗಂಟಲಿನಿಂದ ಬರುತ್ತಿದ್ದರೆ ಅದು ಖುಷಿಯಾಗಿದೆ ಎಂದೇ ತಿಳಿಯಿರಿ. ಬುಸುಗುಟ್ಟುವುದು ಸಿಟ್ಟಿಗೂ ಇರಬಹುದು, ಆಟದ ಆವೇಶಕ್ಕೂ ಇರಬಹುದು. ಚೀರಿದರೆ ಮಾತ್ರ ನೋವಾಗಿದೆ ಅಥವಾ ತೀರ ಹೆದರಿದೆ ಎಂದು ಅರ್ಥ. ಬಾಲದ ಕೂದಲು ಆಟದಲ್ಲೂ ಭಯದಲ್ಲೂ ನಿಮಿರುತ್ತದೆ, ಆದ್ದರಿಂದ ಬಾಲವನ್ನಷ್ಟೇ ನೋಡಿ ನಿರ್ಧರಿಸದೆ ಅದು ಕುಪ್ಪಳಿಸುತ್ತಿದೆಯೋ, ನೆಲಕ್ಕೆ ಅಂಟಿಕೊಂಡು ಹಿಂದೆ ಸರಿಯುತ್ತಿದೆಯೋ ಎಂಬುದನ್ನು ಗಮನಿಸಬೇಕು.

ಕಚ್ಚುವ ವಿಷಯಕ್ಕೆ ಬರುತ್ತೇನೆ. ಮರಿಗಳು ಖಂಡಿತ ಕಚ್ಚುತ್ತವೆ. ಒಡಹುಟ್ಟಿದ ಮರಿಗಳು ಒಂದರ ಕುತ್ತಿಗೆಯನ್ನು ಇನ್ನೊಂದು ಕಚ್ಚಿ ಎಳೆದಾಡುವುದೇ ಅವುಗಳ ಆಟ. ಅವುಗಳ ಚರ್ಮ ದಪ್ಪ ಮತ್ತು ಸಡಿಲವಾದ್ದರಿಂದ ಅದೇ ಹಿಡಿತ ಮನುಷ್ಯನ ಬೆರಳಿಗೆ ರಕ್ತ ಬರಿಸುತ್ತದೆಂಬುದು ಮರಿಗೆ ತಿಳಿಯುವುದಿಲ್ಲ. ಕಚ್ಚಿದೊಡನೆ ಮೂಗಿಗೆ ಹೊಡೆಯಿರಿ ಎಂದು ನನಗೆ ಸಲಹೆ ಕೊಟ್ಟವರಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಬೊಮ್ಮ ಬಂದದ್ದೇ ಅಂಥ ಪೆಟ್ಟು ತಿಂದ ಮನೆಯಿಂದ. ಕೈ ಕಂಡರೆ ಸಾಕು, ಹಲ್ಲೂರಿ ಬಿಡದೆ ಹಿಡಿಯುತ್ತಿದ್ದ. ಅವನಿಗೆ ಮನುಷ್ಯನ ಕೈಯೆಂದರೆ ಶತ್ರು ಎಂಬ ಪಾಠವಾಗಿತ್ತು. ಆರು ತಿಂಗಳ ಕಾಲ ಪ್ರತಿ ಸಂಜೆ ನೆಲದ ಮೇಲೆ ಕುಳಿತು, ಅಂಗೈಯಲ್ಲಿ ಬೇಯಿಸಿದ ಕೋಳಿಮಾಂಸದ ಚೂರಿಟ್ಟುಕೊಂಡು, ಅವನಾಗಿ ಹತ್ತಿರ ಬರುವವರೆಗೆ ಕಾಯುತ್ತಿದ್ದೆ. ಮರಿ ಕಚ್ಚಿದರೆ ಕೈಯನ್ನು ಸರಕ್ಕನೆ ಎಳೆದುಕೊಳ್ಳಬೇಡಿ, ಓಡುವುದನ್ನು ಹಿಡಿಯುವುದು ಅದರ ಹುಟ್ಟುಗುಣ. ತಾಯಿ ಮರಿಯನ್ನು ಎತ್ತುವಂತೆ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಮೆತ್ತಗೆ ಹಿಡಿದು, ಇನ್ನೊಂದು ಕೈಯಿಂದ ಹಿಂಭಾಗಕ್ಕೆ ಆಸರೆ ಕೊಟ್ಟರೆ ಅದು ಸಡಿಲಗೊಂಡು ಆಕಳಿಸುತ್ತದೆ. ಆಮೇಲೆ ಮೂರ್ನಾಲ್ಕು ನಿಮಿಷ ಆಟ ನಿಲ್ಲಿಸಿ, ಕಚ್ಚಿದರೆ ಆಟ ಮುಗಿಯುತ್ತದೆಂಬುದು ಅದಕ್ಕೆ ಅರ್ಥವಾಗಲಿ. ಫೆರೆಟ್‌ನ ಕಣ್ಣು ಅಷ್ಟು ಚುರುಕಲ್ಲ, ಅದು ಬದುಕುವುದು ಮೂಗು ಕಿವಿಗಳಿಂದ. ಹಾಗಾಗಿ ಮಲಗಿರುವಾಗ ಮೇಲಿನಿಂದ ದಿಢೀರನೆ ಹಿಡಿಯದೆ, ಮೊದಲು ಕೈಯನ್ನು ಮೂಸಲು ಬಿಡಬೇಕು. ಮುಖದಿಂದ ಹೆಗಲವರೆಗೆ ಬಿಳಿ ಪಟ್ಟೆಯಿರುವ ಫೆರೆಟ್‌ಗಳಲ್ಲಿ ಹುಟ್ಟುಗಿವುಡು ಸಾಮಾನ್ಯ, ಅಂಥವುಗಳ ಬಳಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಕಳ್ಳತನ ಅದರ ಕೆಟ್ಟ ಗುಣವಲ್ಲ. ಉಳಿದ ಬೇಟೆಯನ್ನು ಬಿಲದಲ್ಲಿ ಕೂಡಿಡುವ ಪೂರ್ವಜರ ಅಭ್ಯಾಸ ಮನೆಯಲ್ಲಿ ಕಾಲುಚೀಲಗಳ ಮೇಲೆ ತಿರುಗಿದೆ. ಒಮ್ಮೆ ಸೋಫಾವನ್ನು ಸರಿಸಿದಾಗ ನನಗೆ ಸಿಕ್ಕ ಸರಕು ಹೀಗಿತ್ತು: ಜೋಡಿಯಿಲ್ಲದ ಕಾಲುಚೀಲಗಳು ಏಳು, ಒಂದು ಬೀಗದ ಕೈ, ಒಣಗಿ ಕಲ್ಲಾದ ಮಾಂಸದ ತುಣುಕು, ಟಿವಿ ರಿಮೋಟು. ಆ ರಿಮೋಟಿನ ರಬ್ಬರ್ ಗುಂಡಿಗಳಲ್ಲಿ ಎರಡು ಇರಲಿಲ್ಲ, ಅದನ್ನು ನೋಡಿ ನಕ್ಕು ಸುಮ್ಮನಾದೆ. ಅದೇ ನನ್ನ ತಪ್ಪು. ಎರಡು ದಿನಗಳ ನಂತರ ನನ್ನ ಎರಡನೆಯ ಫೆರೆಟ್ ಮಲ್ಲಿ ಊಟ ಬಿಟ್ಟು, ಹಲ್ಲು ಕಡಿಯುತ್ತ, ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿ ಮುದುಡಿಕೊಳ್ಳುತ್ತಿದ್ದಳು. ಮೊದಲು ತೋರಿಸಿದ ವೈದ್ಯರು ಅಜೀರ್ಣವೆಂದು ಔಷಧಿ ಕೊಟ್ಟು ಕಳುಹಿಸಿದರು. ಮರುದಿನ ಬೇರೊಬ್ಬರು ಎಕ್ಸ್‌ರೇ ತೆಗೆದು, ಅಂದೇ ಶಸ್ತ್ರಚಿಕಿತ್ಸೆ ಮಾಡಿ, ಕರುಳಿನಲ್ಲಿ ಸಿಕ್ಕಿಕೊಂಡಿದ್ದ ರಬ್ಬರನ್ನು ಹೊರತೆಗೆದರು. ರಬ್ಬರು, ಸ್ಪಂಜು, ಫೋಮ್ ಇವುಗಳನ್ನು ಅಗಿದು ನುಂಗುವುದು ಚಿಕ್ಕ ಫೆರೆಟ್‌ಗಳ ದೊಡ್ಡ ಅಪಾಯ. ಚಪ್ಪಲಿ, ಇಯರ್‌ಫೋನು, ಮಕ್ಕಳ ಮೆತ್ತನೆಯ ಗೊಂಬೆ, ಯಾವುದೂ ಅದರ ಬಾಯಿಗೆ ಎಟುಕುವಲ್ಲಿ ಇರಬಾರದು. ತಲೆ ತೂರುವ ಸಂದಿನಲ್ಲಿ ಇಡೀ ಮೈಯೂ ತೂರುತ್ತದೆ ಎಂಬ ಲೆಕ್ಕದಲ್ಲಿ ಬಾಗಿಲ ಕೆಳಗಿನ, ಫ್ರಿಜ್ಜಿನ ಹಿಂದಿನ, ವಾಷಿಂಗ್ ಮೆಷಿನ್ನಿನ ಅಡಿಯ ಸಂದುಗಳನ್ನೆಲ್ಲ ಮುಚ್ಚಿಕೊಳ್ಳಿ.

ವಾಸನೆ ನಿಜ. ಹೆದರಿದಾಗ ಗುದದ ಬಳಿಯ ಗ್ರಂಥಿಗಳಿಂದ ಘಾಟು ಬಿಡುತ್ತದೆ, ಅದು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಸದಾ ಇರುವ, ಪುನುಗನ್ನು ನೆನಪಿಸುವ ವಾಸನೆ ಚರ್ಮದ ಎಣ್ಣೆಗ್ರಂಥಿಗಳದ್ದು. ಆದ್ದರಿಂದ ಗುದಗ್ರಂಥಿಯನ್ನು ತೆಗೆಸಿದರೂ ಅದು ಹೋಗುವುದಿಲ್ಲ. ವಾರಕ್ಕೊಮ್ಮೆ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಇನ್ನಷ್ಟು ಎಣ್ಣೆ ಸುರಿಸುತ್ತದೆ, ವಾಸನೆ ಹೆಚ್ಚುತ್ತದೆ. ಸ್ನಾನಕ್ಕಿಂತ ಹಾಸಿಗೆ ಬಟ್ಟೆಯನ್ನು ವಾರಕ್ಕೆರಡು ಬಾರಿ ಒಗೆಯುವುದು ಮೇಲು. ಸಂತಾನಹರಣ ಮಾಡಿಸಿದ ಗಂಡಿನ ವಾಸನೆ ಬಹಳ ಕಡಿಮೆ. ಇಷ್ಟಾದರೂ ಮನೆಗೆ ಬಂದ ಅತಿಥಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ, ನಮಗೆ ಮಾತ್ರ ಅಭ್ಯಾಸವಾಗಿರುತ್ತದೆ.

ಆಹಾರದಲ್ಲಿ ರಾಜಿಗೆ ಅವಕಾಶವಿಲ್ಲ. ಫೆರೆಟ್ ಮಾಂಸವನ್ನಷ್ಟೇ ತಿಂದು ಬದುಕುವ ಪ್ರಾಣಿ. ಅದರ ಕರುಳು ಗಿಡ್ಡ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಹೊರಬರುತ್ತದೆ, ನಾರನ್ನು ಕೊಳೆಸಿ ಕರಗಿಸುವ ಭಾಗವೇ ಅದರ ಕರುಳಿನಲ್ಲಿಲ್ಲ. ಹಣ್ಣು, ಅನ್ನ, ಬಿಸ್ಕತ್ತು, ಹಾಲು ಬೇಡ. ನಾಯಿಯ ಆಹಾರವೂ ಆಗದು. ಹಸಿ ಮಾಂಸ ಮತ್ತು ಎಲುಬು, ಅಥವಾ ಫೆರೆಟ್‌ಗೆಂದೇ ಮಾಡಿದ, 35 ಪ್ರತಿಶತಕ್ಕಿಂತ ಹೆಚ್ಚು ಪ್ರಾಣಿಜನ್ಯ ಪ್ರೋಟೀನೂ 20 ಪ್ರತಿಶತದಷ್ಟು ಕೊಬ್ಬೂ ಇರುವ ಒಣ ಆಹಾರ, ಇವು ದಿನವಿಡೀ ಅದಕ್ಕೆ ಸಿಗುವಂತಿರಬೇಕು. ಎಳೆಯದರಲ್ಲಿ ಮೂಸಿ ತಿಂದು ರೂಢಿಯಾದದ್ದನ್ನು ಮಾತ್ರ ಅದು ಆಹಾರವೆಂದು ಗುರುತಿಸುವುದರಿಂದ, ಮೊದಲ ಆರು ತಿಂಗಳಲ್ಲಿ ಎರಡು ಮೂರು ಬಗೆಯ ಮಾಂಸದ ರುಚಿ ಹತ್ತಿಸಿಬಿಡಿ. ದೊಡ್ಡದಾದ ಮೇಲೆ ಹೊಸದನ್ನು ಒಪ್ಪಿಸುವುದು ಹರಸಾಹಸ.

ಹೆಣ್ಣು ತರುವವರು ತಿಳಿಯಲೇಬೇಕಾದ ಒಂದು ಸಂಗತಿಯಿದೆ. ಬೆದೆಗೆ ಬಂದ ಹೆಣ್ಣು ಫೆರೆಟ್ ಗಂಡಿನೊಡನೆ ಕೂಡುವವರೆಗೆ ಬೆದೆಯಿಂದ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಹೆಚ್ಚಾಗಿ ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸಿ, ಪ್ರಾಣಿ ರಕ್ತಹೀನತೆಯಿಂದ ಸಾಯುತ್ತದೆ. ಶಸ್ತ್ರಚಿಕಿತ್ಸೆ ಅಥವಾ ಚರ್ಮದಡಿ ಇಡುವ ಹಾರ್ಮೋನ್ ಇಂಪ್ಲಾಂಟ್ ಇದಕ್ಕೆ ದಾರಿ, ಯಾವುದು ಯಾವಾಗ ಎಂಬುದನ್ನು ವೈದ್ಯರೊಡನೆ ನಿರ್ಧರಿಸಿ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ತಗುಲಿದರೆ ಫೆರೆಟ್ ಉಳಿಯುವುದಿಲ್ಲವೆಂದೇ ಹೇಳಬೇಕು, ಹಾಗಾಗಿ ಲಸಿಕೆ ತಪ್ಪಿಸಬೇಡಿ. ನಮ್ಮ ಫ್ಲೂ ಜ್ವರವೂ ಅದಕ್ಕೆ ಅಂಟುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೇಡ್‌ಲಾ ಎಂಬ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಪತ್ತೆಮಾಡಿದ್ದೇ ಫೆರೆಟ್‌ಗಳ ನೆರವಿನಿಂದ. ತಮಗೆ ಶೀತಜ್ವರವಿರುವಾಗ ಅದನ್ನು ಮುದ್ದಿಸಬೇಡಿ. ಮೂರು ನಾಲ್ಕು ವರ್ಷ ದಾಟಿದ ಮೇಲೆ ಮೂತ್ರಪಿಂಡದ ಬಳಿಯಿರುವ ಅಡ್ರಿನಲ್ ಗ್ರಂಥಿಯ ಕಾಯಿಲೆ, ಮೇದೋಜೀರಕ ಗ್ರಂಥಿಯ ಗೆಡ್ಡೆ ಸಾಮಾನ್ಯ. ಬೊಮ್ಮನಿಗೆ ಎರಡನೆಯದು ಬಂದಿತ್ತು: ಊಟದ ಬಟ್ಟಲಿನ ಮುಂದೆಯೇ ಶೂನ್ಯ ದಿಟ್ಟಿಸುತ್ತ ನಿಂತುಬಿಡುತ್ತಿದ್ದ, ಹಿಂಗಾಲು ಎಳೆಯುತ್ತಿದ್ದ, ಜೊಲ್ಲು ಸುರಿಸಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದ್ದ. ರಕ್ತದಲ್ಲಿ ಸಕ್ಕರೆ ಕುಸಿದಾಗಿನ ಲಕ್ಷಣಗಳಿವು. ಒಸಡಿಗೆ ಜೇನು ಸವರಿ, ಚೇತರಿಸಿಕೊಂಡ ಮೇಲೆ ಮಾಂಸ ತಿನ್ನಿಸಿ, ವೈದ್ಯರ ಬಳಿ ಓಡಬೇಕು. ಔಷಧಿಯಿಂದ ಅವನು ಇನ್ನೊಂದು ವರ್ಷ ಬದುಕಿ, ಏಳನೆಯ ವಯಸ್ಸಿನಲ್ಲಿ ಹೋದ. ಫೆರೆಟ್‌ನ ಆಯಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ.

ಪಂಜರ ಮಲಗುವುದಕ್ಕಷ್ಟೇ ಇರಲಿ. ಹಲವು ಅಂತಸ್ತು, ಬಟ್ಟೆಯ ಜೋಲಿ, ಮೂಲೆಯಲ್ಲಿ ಮಲಮೂತ್ರಕ್ಕೆಂದು ಒಂದು ತಟ್ಟೆ ಇದ್ದರೆ ಸಾಕು. ಅದು ಹಿಂದೆ ಹಿಂದೆ ಸರಿದು ಮೂಲೆಯಲ್ಲೇ ಗಲೀಜು ಮಾಡುವುದರಿಂದ ತಟ್ಟೆಯ ಅಭ್ಯಾಸ ಬಹುಮಟ್ಟಿಗೆ ಆಗುತ್ತದೆ, ಬೆಕ್ಕಿನಷ್ಟು ಕರಾರುವಾಕ್ಕಾಗಿ ಎಂದೂ ಆಗುವುದಿಲ್ಲ. ಸೆಕೆ ಅದಕ್ಕೆ ಮಾರಕ. ಮೈ ಬೆವರಿ ತಂಪಾಗುವ ವ್ಯವಸ್ಥೆ ಇಲ್ಲದ ಪ್ರಾಣಿಯಾದ್ದರಿಂದ 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೋಣೆಯನ್ನು ತಂಪಾಗಿಸುವ ಏರ್ಪಾಡು ಬೇಕೇ ಬೇಕು, ಬರೀ ಫ್ಯಾನ್ ಸಾಲದು. ಒಂಟಿಯಾಗಿ ಸಾಕುವುದಕ್ಕಿಂತ ಎರಡನ್ನು ಸಾಕುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಬೊಮ್ಮ ಹೋದ ಮೇಲೆ ಮಲ್ಲಿ ಮೂರು ವಾರ ಅವನ ಜೋಲಿಯಲ್ಲೇ ಮಲಗಿದ್ದಳು, ನನ್ನ ಮೂರನೆಯ ಫೆರೆಟ್ ಕೆಂಚ ಬಂದ ಮೇಲಷ್ಟೇ ಆಟಕ್ಕಿಳಿದಳು.

ತರುವ ಮೊದಲು ತಾವಿರುವಲ್ಲಿ ಕಾನೂನು ಒಪ್ಪುತ್ತದೆಯೇ ಎಂದು ವಿಚಾರಿಸಿ. ಕ್ಯಾಲಿಫೋರ್ನಿಯಾ, ಹವಾಯಿಗಳಲ್ಲಿ ಸಾಕುವಂತಿಲ್ಲ. ಮೊಲಗಳನ್ನು ಹತೋಟಿಗೆ ತರಲು 1880ರ ದಶಕದಲ್ಲಿ ಫೆರೆಟ್‌ಗಳನ್ನು ಬಿಟ್ಟ ನ್ಯೂಜಿಲೆಂಡ್, ಅವು ಅಲ್ಲಿನ ಹಾರಲಾರದ ಹಕ್ಕಿಗಳನ್ನು ತಿನ್ನತೊಡಗಿದ್ದರಿಂದ ಈಗ ಮಾರಾಟವನ್ನೂ ಮರಿ ಮಾಡಿಸುವುದನ್ನೂ ನಿಷೇಧಿಸಿದೆ. ಹಾಗೆಯೇ ಫೆರೆಟ್‌ಗೆ ಚಿಕಿತ್ಸೆ ಮಾಡಿ ಅನುಭವವಿರುವ ವೈದ್ಯರು ಕೈಗೆಟುಕುವ ದೂರದಲ್ಲಿದ್ದಾರೆಯೇ ನೋಡಿ. ಇಲ್ಲದಿದ್ದರೆ ತರಬೇಡಿ, ಮಲ್ಲಿಯ ವಿಷಯದಲ್ಲಿ ನಾನು ಕಳೆದುಕೊಂಡ ಆ ಒಂದು ದಿನ ಅವಳ ಪ್ರಾಣವನ್ನೇ ತೆಗೆಯಬಹುದಿತ್ತು.

ಏಳು ವರ್ಷದ ಮಗು ಆಡಬಹುದು, ಆದರೆ ನೆಲದ ಮೇಲೆ ಕುಳಿತು, ತಾವು ಪಕ್ಕದಲ್ಲಿರುವಾಗ ಮಾತ್ರ. ಎತ್ತಿಕೊಂಡು ಓಡಾಡಿದರೆ ಅದು ಕೊಸರಿಕೊಂಡು ಬಿದ್ದು ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಹಸುಗೂಸು ಇರುವ ಕೋಣೆಗೆ ಅದನ್ನು ಎಂದೂ ಬಿಡಬಾರದು. ಲವ್‌ಬರ್ಡ್‌ಗಳ ಮಾತು ಬೇರೆ. ಎಷ್ಟೇ ಪಳಗಿದರೂ ಫೆರೆಟ್‌ಗೆ ಹಕ್ಕಿ ಬೇಟೆಯೇ. ಪಂಜರದ ಹೊರಗೆ ಅದರ ವಾಸನೆ ಸುಳಿದಾಡಿದರೂ ಹಕ್ಕಿಗಳು ಭಯದಿಂದ ಸೊರಗುತ್ತವೆ, ಒಂದು ದಿನ ಒಂದು ಬಾಗಿಲು ಹಾಕುವುದು ಮರೆತರೆ ಸಾಕು. ಎರಡಕ್ಕೂ ಬೇರೆ ಬೇರೆ ಕೋಣೆ ಕೊಟ್ಟು, ನಡುವೆ ಸದಾ ಮುಚ್ಚಿರುವ ಎರಡು ಬಾಗಿಲುಗಳಿರುವಂತೆ ಮಾಡಲು ಸಾಧ್ಯವಿಲ್ಲದಿದ್ದರೆ, ಆ ಹಕ್ಕಿಗಳು ಇರುವವರೆಗೆ ಫೆರೆಟ್ ತರಬೇಡಿ.