ಮುರಕಲ್ಲಿನ ಗೋಡೆಗೆ ಜಲನಿರೋಧಕ ಹಚ್ಚಿದ ಮೇಲೂ ಮಳೆನೀರು ಒಳಗಿಳಿಯುವುದೇಕೆ?

ಏನೂ ಹಚ್ಚದ ಬರೀ ಮುರಕಲ್ಲಿಗೆ (ಜಂಬಿಟ್ಟಿಗೆ, ಲ್ಯಾಟರೈಟ್) ಹನಿ ತಾಗಿದರೆ ರಂಧ್ರವೇ ಅದನ್ನು ಎಳೆದುಕೊಳ್ಳುತ್ತದೆ. ಕಿರಿದಾದಷ್ಟೂ ಎಳೆತ ಜೋರು: 0.1 ಮಿ.ಮೀ. ವ್ಯಾಸದ ಕೊಳವೆ ನೀರನ್ನು ಸುಮಾರು 30 ಸೆಂ.ಮೀ. ಏರಿಸಬಲ್ಲದು.

ಜಲನಿರೋಧಕವಾಗಿ ಹಚ್ಚುವ ಸಿಲೇನ್-ಸಿಲಾಕ್ಸೇನ್ (ಸಿಲಿಕಾನ್ ಆಧಾರಿತ ರಾಸಾಯನಿಕಗಳು) ದ್ರಾವಣ ರಂಧ್ರವನ್ನು ಮುಚ್ಚುವುದಿಲ್ಲ, ಅದರ ಒಳಮೈಗೆ ನೀರು ಅಂಟದಂತೆ ಮಾಡುತ್ತದೆ ಅಷ್ಟೆ. ಹನಿಯ ಸ್ಪರ್ಶಕೋನ, ಅಂದರೆ ಹನಿಯ ಅಂಚು ಕಲ್ಲಿನ ಮೈಯೊಂದಿಗೆ ಮಾಡುವ ಕೋನ, 90 ಡಿಗ್ರಿ ದಾಟಿದರೆ ಒತ್ತಡವಿಲ್ಲದೆ ನೀರು ನುಗ್ಗದು. ಕೋನ 110 ಡಿಗ್ರಿ ಎಂದುಕೊಳ್ಳಿ: 0.01 ಮಿ.ಮೀ. ರಂಧ್ರಕ್ಕೆ ಸುಮಾರು 1 ಮೀಟರ್ ಎತ್ತರದ ನೀರಿನ ಒತ್ತಡ ಬೇಕು, 0.2 ಮಿ.ಮೀ. ರಂಧ್ರಕ್ಕೆ 5 ಸೆಂ.ಮೀ. ಸಾಕು. ಗಂಟೆಗೆ 100 ಕಿ.ಮೀ. ಗಾಳಿ ಹೆಚ್ಚುಕಡಿಮೆ ಅಷ್ಟು ಒತ್ತುತ್ತದೆ. ಮುರಕಲ್ಲಿನಲ್ಲೋ ಕಡ್ಡಿ ತೂರುವಂಥ ತೂತುಗಳೇ ಇವೆ! ಅಲ್ಲಿ ಯಾವ ದ್ರಾವಣವೂ ಕೆಲಸ ಮಾಡದು.

ಹಾಗಾಗಿ ಮೊದಲು ದೊಡ್ಡ ತೂತು, ಸಂದುಗಳಿಗೆ ಗಾರೆ ತುಂಬಿ, ನೀರುಣಿಸಿ ಗಟ್ಟಿಯಾಗಲು ಬಿಡಿ. ಗೋಡೆ ಪೂರ್ತಿ ಒಣಗಿದ ಮೇಲೆ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಹಚ್ಚಿ. ಒದ್ದೆ ರಂಧ್ರದೊಳಗೆ ದ್ರಾವಣ ಆಳಕ್ಕೆ ಇಳಿಯುವುದಿಲ್ಲ. ಮೊದಲ ಕೋಟ್ ಆರುವ ಮುನ್ನವೇ ಎರಡನೆಯದು ಬೀಳಬೇಕು.

ಉಳ್ಳಾಲ, ಮಲ್ಪೆಯಂಥ ಕಡಲಬದಿಯಲ್ಲಿ ಅಡಿಪಾಯದಿಂದ ಉಪ್ಪುತೇವ ಏರುತ್ತಿದ್ದರೆ ಹಚ್ಚಲೇಬೇಡಿ. ಲೇಪದ ಹಿಂದೆ ಉಪ್ಪು ಹರಳುಗಟ್ಟಿ ಕಲ್ಲಿನ ಮುಖವನ್ನೇ ಕಳಚುತ್ತದೆ.